ಬೀಗ ಬೀಳುವ ಮುನ್ನ: ಮನೆ ಕಳೆದುಕೊಳ್ಳುವ ಭೀತಿಯಲ್ಲಿ ಮಂಡ್ಯದ ಸಾಲ ಪಡೆದವರು

ಮಂಡ್ಯ: ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯಲ್ಲಿ ಹಿರಿಯರು ಎರಡು ಕಷ್ಟಗಳನ್ನಷ್ಟೇ ಹೇಳಿದ್ದಾರೆ. ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವ ಕಷ್ಟ ಅದರಲ್ಲಿ ಸೇರಿಲ್ಲ. ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ತಾಲ್ಲೂಕುಗಳ ಅನೇಕ ಕುಟುಂಬಗಳಿಗೆ ಇಂದು ಎದುರಾಗಿರುವುದು ಆ ಮೂರನೆಯ ಕಷ್ಟವೇ.

2025ರ ಜನವರಿಯಲ್ಲಿ ಮಳವಳ್ಳಿ ತಾಲ್ಲೂಕಿನ ಗ್ರಾಮವೊಂದರಲ್ಲಿ ಸಾಲದ ಬಾಕಿಗಾಗಿ ಮನೆ ಜಪ್ತಿಯಾದ ಬೆನ್ನಲ್ಲೇ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡ ಘಟನೆ ಇಡೀ ಜಿಲ್ಲೆಯನ್ನು ಕಲಕಿತು. ಅದೇ ದಿನಗಳಲ್ಲಿ ನೆರೆಯ ಚಾಮರಾಜನಗರ ಜಿಲ್ಲೆಯಿಂದ, ಸಾಲ ವಸೂಲಿಯ ಕಿರುಕುಳಕ್ಕೆ ಹೆದರಿ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ವರದಿಗಳು ಬಂದವು. ರಾಜ್ಯ ಸರ್ಕಾರ ತರಾತುರಿಯಲ್ಲಿ ಸುಗ್ರೀವಾಜ್ಞೆ ಸಿದ್ಧಪಡಿಸಿತು. ರಾಜ್ಯಪಾಲರು ಫೆಬ್ರುವರಿ 7ರಂದು ಅದನ್ನು ಹಿಂದಿರುಗಿಸಿ, ಮರಳಿ ಬಂದಾಗ 12ರಂದು ಅಂಕಿತ ಹಾಕಿದರು. ಮಾರ್ಚ್‌ನಲ್ಲಿ ವಿಧಾನಮಂಡಲ ಅದೇ ವಿಷಯದ ಮಸೂದೆಗೆ ಒಪ್ಪಿಗೆ ನೀಡಿತು.

ಕಾನೂನು ಬಂದರೂ ಒಂದು ಗೊಂದಲ ಮಾತ್ರ ಬಗೆಹರಿಯದೆ ಉಳಿದಿದೆ. ಹಳ್ಳಿಗಳಲ್ಲಿ ಬ್ಯಾಂಕಿನ ಗೃಹಸಾಲ, ಮಹಿಳಾ ಗುಂಪಿನ ವಾರದ ಕಂತು, ಪರಿಚಯದವರಿಂದ ತಂದ ಕೈಸಾಲ ಎಲ್ಲವೂ ‘ಫೈನಾನ್ಸ್‌ನವರ ಸಾಲ’ ಎಂಬ ಒಂದೇ ಹೆಸರಿನಡಿ ಸೇರಿಹೋಗಿವೆ. ಆದರೆ ಮನೆಗೆ ಬೀಗ ಹಾಕುವ ಅಧಿಕಾರ ಎಲ್ಲರಿಗೂ ಇಲ್ಲ. ಇರುವವರೂ ಅದನ್ನು ಒಂದೇ ದಿನದಲ್ಲಿ ಚಲಾಯಿಸುವಂತಿಲ್ಲ. ಕಾನೂನು ಇಬ್ಬರ ನಡುವೆ ಹಲವು ತಿಂಗಳುಗಳ ಅವಧಿಯನ್ನು ಇಟ್ಟಿದೆ. ಆ ಅವಧಿ ವ್ಯರ್ಥವಾಗುವುದರಿಂದಲೇ ಹೆಚ್ಚಿನ ಮನೆಗಳು ಕೈತಪ್ಪುತ್ತಿವೆ. ಬೀಗ ಬೀಳುವ ದಿನ ಕೊನೆಯ ದಿನವಷ್ಟೇ. ಮನೆ ಕೈಜಾರಲು ಆರಂಭವಾಗುವುದು ನೋಟಿಸನ್ನು ಓದಿಸದೆ ದೇವರ ಪಟದ ಹಿಂದೆ ಸಿಕ್ಕಿಸಿಟ್ಟ ದಿನ.

ಕಬ್ಬಿನ ಲೆಕ್ಕ ಬೇರೆ, ಕಂತಿನ ಲೆಕ್ಕ ಬೇರೆ

ಸಾಲ ತೀರಿಸಲಾಗದಿರುವುದಕ್ಕೆ ದುಂದುವೆಚ್ಚವೇ ಕಾರಣ ಎಂಬ ಮಾತು ಸುಲಭವಾಗಿ ಕೇಳಿಬರುತ್ತದೆ. ಜಿಲ್ಲೆಯ ಆದಾಯದ ಸ್ವರೂಪವನ್ನು ಗಮನಿಸಿದರೆ ಅದು ಅರ್ಧಸತ್ಯ ಎಂಬುದು ತಿಳಿಯುತ್ತದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಕಬ್ಬು ನಾಟಿಯಾದ ಮೇಲೆ ಕಟಾವಿಗೆ ಬರಲು ಸುಮಾರು ಒಂದು ವರ್ಷ ಬೇಕು. ಹಣ ಕೈಸೇರುವುದು ಅದಕ್ಕೂ ಆಚೆಗೆ. ಬ್ಯಾಂಕಿನ ಕಂತು ತಿಂಗಳಿಗೊಮ್ಮೆ ಬರುತ್ತದೆ. ಗುಂಪು ಸಾಲದ ಕಂತು ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬರುತ್ತದೆ.

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆಗಳು ಕಬ್ಬು ಪಡೆದ 14 ದಿನಗಳೊಳಗೆ ಹಣ ಪಾವತಿಸಬೇಕು. ತಡವಾದರೆ ವಾರ್ಷಿಕ ಶೇ 15ರಷ್ಟು ಬಡ್ಡಿ ಸೇರಿಸಿ ಕೊಡಬೇಕು. ನಿಯಮ ಹೀಗಿದ್ದರೂ ಬಾಕಿ ಪಾವತಿಗಾಗಿ ರೈತರು ರಸ್ತೆಗಿಳಿಯುವುದು ಜಿಲ್ಲೆಗೆ ಹೊಸದೇನಲ್ಲ. 1933ರಲ್ಲಿ ಆರಂಭವಾದ ಮಂಡ್ಯದ ಮೈಷುಗರ್ ಕಾರ್ಖಾನೆ ಕೆಲವು ವರ್ಷ ಸ್ಥಗಿತಗೊಂಡು 2022ರಲ್ಲಿ ಮತ್ತೆ ಕಬ್ಬು ಅರೆಯಲು ಆರಂಭಿಸುವವರೆಗೆ, ಅದನ್ನೇ ನೆಚ್ಚಿಕೊಂಡಿದ್ದ ಬೆಳೆಗಾರರು ದೂರದ ಕಾರ್ಖಾನೆಗಳತ್ತ ಲಾರಿ ತಿರುಗಿಸಬೇಕಾಯಿತು. ಕಬ್ಬಿನ ಹಣ ತಿಂಗಳುಗಟ್ಟಲೆ ತಡವಾದರೂ ಬ್ಯಾಂಕಿನ ಕಂಪ್ಯೂಟರ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಂತು ತಪ್ಪಿದ ದಿನದಿಂದಲೇ ಅದರ ಎಣಿಕೆ ಆರಂಭವಾಗುತ್ತದೆ.

ಮಳವಳ್ಳಿ ತಾಲ್ಲೂಕಿನ ಕೊನೆಯ ಭಾಗದ ಜಮೀನುಗಳಿಗೆ ನಾಲೆಯ ನೀರು ತಲುಪುವುದೇ ಪ್ರತಿ ವರ್ಷದ ಚಿಂತೆ. ಅಲ್ಲಿ ರೇಷ್ಮೆಗೂಡಿನ ದರದ ಏರಿಳಿತವೇ ಮನೆಯ ಲೆಕ್ಕಾಚಾರವನ್ನು ನಿರ್ಧರಿಸುತ್ತದೆ. ಮದ್ದೂರಿನಲ್ಲಿ ಎಳನೀರು ಮಾರುಕಟ್ಟೆ, ಗೆಜ್ಜಲಗೆರೆ ಹಾಗೂ ಸೋಮನಹಳ್ಳಿಯ ಕಾರ್ಖಾನೆಗಳು ಜನರ ಕೈಯಲ್ಲಿ ಒಂದಿಷ್ಟು ಹಣ ಆಡುವಂತೆ ಮಾಡಿವೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ನಿವೇಶನದ ಆಸೆಯನ್ನು ಹಳ್ಳಿಹಳ್ಳಿಗೂ ಹಬ್ಬಿಸಿತು. ಸಂಬಳದ ಚೀಟಿ ಇರುವ ಮಗನ ಹೆಸರಿನಲ್ಲಿ ಸಾಲ, ತಂದೆಯ ಹೆಸರಿನ ಮನೆ ಅಡಮಾನ, ನೆರೆಯವರ ಜಾಮೀನು: ಇದು ಇಂದಿನ ಸಾಮಾನ್ಯ ಚಿತ್ರ. ಮಗನ ಕೆಲಸ ಹೋದರೆ ತಂದೆಯ ಮನೆ ಅಪಾಯಕ್ಕೆ ಸಿಲುಕುತ್ತದೆ. ಸಹಿ ಹಾಕಿದ ನೆರೆಯವರೂ ಸಾಲಕ್ಕೆ ಸಮಾನ ಹೊಣೆಗಾರರಾಗುತ್ತಾರೆ.

ಅಡಮಾನ ಸಾಲ: ಐದು ತಿಂಗಳ ಗಡುವು

ಮನೆಯನ್ನು ನ್ಯಾಯಾಲಯದ ಮೆಟ್ಟಿಲೇರದೆಯೇ ವಶಪಡಿಸಿಕೊಂಡು ಹರಾಜು ಹಾಕುವ ಅಧಿಕಾರವನ್ನು ಬ್ಯಾಂಕುಗಳಿಗೆ ನೀಡಿರುವುದು ಸರ್ಫೇಸಿ ಎಂದು ಕರೆಯಲಾಗುವ 2002ರ ಕೇಂದ್ರ ಕಾಯ್ದೆ. ಮನೆಯನ್ನು ಅಡಮಾನವಾಗಿ ಬರೆದುಕೊಟ್ಟಿದ್ದರೆ ಮಾತ್ರ ಇದು ಅನ್ವಯಿಸುತ್ತದೆ. ಸಹಕಾರಿ ಬ್ಯಾಂಕುಗಳೂ ಈ ಕಾಯ್ದೆ ಬಳಸಬಹುದು ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2020ರ ಮೇ ತಿಂಗಳಲ್ಲಿ ತೀರ್ಪು ನೀಡಿದೆ. ಆದ್ದರಿಂದ ‘ನಮ್ಮೂರಿನ ಸೊಸೈಟಿ ಬ್ಯಾಂಕು, ಏನೂ ಮಾಡುವುದಿಲ್ಲ’ ಎಂಬ ಧೈರ್ಯಕ್ಕೆ ಇಂದು ಆಧಾರವಿಲ್ಲ. ಬ್ಯಾಂಕೇತರ ಹಣಕಾಸು ಕಂಪನಿಗಳ ಪೈಕಿ ನೂರು ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಆಸ್ತಿ ಹೊಂದಿರುವವು, ಅದೂ 20 ಲಕ್ಷ ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಸಾಲಗಳಿಗೆ ಇದನ್ನು ಬಳಸಬಹುದು. ಗೃಹಸಾಲ ಕಂಪನಿಗಳಿಗೆ ಪ್ರತ್ಯೇಕ ನಿಯಮವಿದೆ.

ಈ ಕಾಯ್ದೆಯ ಹೆಜ್ಜೆಗಳನ್ನು ಸಾಲ ಪಡೆದವರು ದಿನಗಳ ಲೆಕ್ಕದಲ್ಲಿ ತಿಳಿದಿರಬೇಕು. ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲವನ್ನು ವಸೂಲಾಗದ ಸಾಲ, ಅಂದರೆ ಎನ್‌ಪಿಎ ಎಂದು ಗುರುತಿಸಲಾಗುತ್ತದೆ. ಒಮ್ಮೆ ಹಾಗೆ ಗುರುತಿಸಿದ ಮೇಲೆ ಒಂದೆರಡು ಕಂತು ಕಟ್ಟಿದರೆ ಹಳೆಯ ಸ್ಥಿತಿಗೆ ಮರಳುವುದಿಲ್ಲ. ಬಡ್ಡಿಯೂ ಅಸಲೂ ಸೇರಿ ಬಾಕಿ ಪೂರ್ತಿ ತೀರಬೇಕು. ಮೂರನೆಯ ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಮಾತನಾಡುವುದು ಏಕೆ ಮುಖ್ಯ ಎಂಬುದಕ್ಕೆ ಇದೇ ಕಾರಣ.

ಅನಂತರ ಕಾಯ್ದೆಯ 13(2)ನೇ ಪ್ರಕರಣದಡಿ ನೋಟಿಸ್ ಬರುತ್ತದೆ. ಪೂರ್ಣ ಬಾಕಿ ತೀರಿಸಲು ಇದರಲ್ಲಿ 60 ದಿನ ಕಾಲಾವಕಾಶ ಇರುತ್ತದೆ. ಈ ನೋಟಿಸ್‌ಗೆ ಆಕ್ಷೇಪ ಸಲ್ಲಿಸುವ ಹಕ್ಕು ಸಾಲ ಪಡೆದವರಿಗಿದೆ. ಬ್ಯಾಂಕ್ 15 ದಿನಗಳಲ್ಲಿ ಕಾರಣಸಹಿತ ಉತ್ತರ ನೀಡಲೇಬೇಕು. 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಬಳಿಕ ಈ ಹಕ್ಕು ಕಾಯ್ದೆಯೊಳಗೆ ಸೇರಿತು. ಬಹುತೇಕ ಮಂದಿ ಬಳಸದೆ ಬಿಡುವ ಹಕ್ಕು ಇದೇ. ಕಟ್ಟಿದ ಹಣ ಖಾತೆಗೆ ಜಮೆಯಾಗಿಲ್ಲ, ದಂಡ ಹೆಚ್ಚಾಗಿ ಹಾಕಲಾಗಿದೆ, ಪಾಲುದಾರರ ಸಹಿ ಇಲ್ಲ ಎಂಬಂಥ ತಕರಾರು ಇದ್ದರೆ ಅದು ಈ ಹಂತದಲ್ಲೇ ಬರವಣಿಗೆಯಲ್ಲಿ ದಾಖಲಾಗಬೇಕು. ಬ್ಯಾಂಕಿನ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಮುಂದೆ ಯಾವ ಬೆಲೆಯೂ ಇರುವುದಿಲ್ಲ. ನೋಟಿಸ್ ತಲುಪಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆ ಮಾರುವುದಕ್ಕೂ ನಿರ್ಬಂಧವಿದೆ.

60 ದಿನ ಕಳೆದರೆ ಬ್ಯಾಂಕ್ ಸ್ವಾಧೀನದ ನೋಟಿಸನ್ನು ಬಾಗಿಲಿಗೆ ಅಂಟಿಸಿ, ಏಳು ದಿನಗಳೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಾಗಿರಬೇಕು. ಇದು ಕಾಗದದ ಮೇಲಿನ ಸ್ವಾಧೀನ. ಮನೆಯವರನ್ನು ಹೊರಗೆ ಕಳುಹಿಸಲು ಬ್ಯಾಂಕ್ ಸಾಮಾನ್ಯವಾಗಿ ಜಿಲ್ಲಾಧಿಕಾರಿ ಅಥವಾ ಮುಖ್ಯ ನ್ಯಾಯಿಕ ದಂಡಾಧಿಕಾರಿಯ ಮುಂದೆ 14ನೇ ಪ್ರಕರಣದಡಿ ಅರ್ಜಿ ಹಾಕಿ ಆದೇಶ ಪಡೆಯುತ್ತದೆ. ಪೊಲೀಸರು ಬಂದರೆ ಆ ಆದೇಶದ ಆಧಾರದ ಮೇಲೆ ಬರಬೇಕು. ಬಾಗಿಲಲ್ಲಿ ನಿಂತವರನ್ನು ‘ಆದೇಶದ ಪ್ರತಿ ತೋರಿಸಿ’ ಎಂದು ಕೇಳುವುದು ಉದ್ಧಟತನವಾಗದು. ಅದು ಮನೆಯವರ ಹಕ್ಕು.

ಸ್ವಾಧೀನ ಕ್ರಮದ ವಿರುದ್ಧ 45 ದಿನಗಳೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗಬಹುದು. ಮನೆಯ ಮೊದಲ ಹರಾಜಿಗೆ 30 ದಿನಗಳ ನೋಟಿಸ್ ಕೊಡಬೇಕು. ಇಲ್ಲಿಯೇ ದೊಡ್ಡ ತಪ್ಪುತಿಳಿವಳಿಕೆ ಇರುವುದು. ಹರಾಜು ಕೂಗುವ ಕ್ಷಣದವರೆಗೂ ಹಣ ಕಟ್ಟಿ ಮನೆ ಬಿಡಿಸಿಕೊಳ್ಳಬಹುದು ಎಂದು ಜನ ನಂಬಿದ್ದಾರೆ. ಹಿಂದೆ ಹಾಗಿತ್ತು. 2016ರ ತಿದ್ದುಪಡಿಯ ನಂತರ ಹರಾಜಿನ ಪ್ರಕಟಣೆ ಹೊರಬೀಳುವ ಮೊದಲೇ ಪೂರ್ಣ ಬಾಕಿ ತೀರಿಸಬೇಕು. ಆ ದಿನ ದಾಟಿದರೆ ಬಿಡಿಸಿಕೊಳ್ಳುವ ಹಕ್ಕು ಉಳಿಯುವುದಿಲ್ಲ ಎಂದು 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಲೆಕ್ಕ ಹಾಕಿದರೆ, ಮೊದಲ ಕಂತು ತಪ್ಪಿದ ಬಳಿಕ 90 ದಿನ, ನೋಟಿಸಿನ 60 ದಿನ, ಒಟ್ಟು ಐದು ತಿಂಗಳು ಕುಟುಂಬದ ಕೈಯಲ್ಲಿ ಖಚಿತವಾಗಿ ಇರುತ್ತವೆ. ಹರಾಜಿನ ನೋಟಿಸಿಗೆ ಮತ್ತೊಂದು ತಿಂಗಳು ಇದ್ದರೂ ಅಷ್ಟರಲ್ಲಿ ಮನೆ ಬಿಡಿಸಿಕೊಳ್ಳುವ ಹಕ್ಕು ಕಳೆದುಹೋಗಿರುತ್ತದೆ. ನಿರ್ಧಾರವಾಗಬೇಕಾದುದು ಆ ಐದು ತಿಂಗಳಲ್ಲಿ.

ಹೊಲಕ್ಕಿರುವ ರಕ್ಷಣೆ ಮನೆಗಿಲ್ಲ

ಕೃಷಿ ಜಮೀನಿನ ಮೇಲಿನ ಅಡಮಾನಕ್ಕೆ ಸರ್ಫೇಸಿ ಕಾಯ್ದೆ ಅನ್ವಯಿಸುವುದಿಲ್ಲ. ಒಂದು ಲಕ್ಷ ರೂಪಾಯಿ ಮೀರದ ಭದ್ರತೆಗೂ, ಬಾಕಿಯು ಅಸಲು ಮತ್ತು ಬಡ್ಡಿಯ ಶೇ 20ಕ್ಕಿಂತ ಕಡಿಮೆ ಉಳಿದಿರುವ ಸಾಲಕ್ಕೂ ವಿನಾಯಿತಿ ಇದೆ. ಹದಿನೈದು ವರ್ಷ ಕಂತು ಕಟ್ಟಿ ಕೊನೆಯಲ್ಲಿ ಎಡವಿದ ಕುಟುಂಬಗಳಿಗೆ ಈ ಕೊನೆಯ ವಿನಾಯಿತಿ ಆಸರೆಯಾಗಬಲ್ಲದು.

ಆದರೆ ಗ್ರಾಮಠಾಣಾದ ಮನೆ ಕೃಷಿ ಜಮೀನಲ್ಲ. ಭೂಪರಿವರ್ತನೆಯಾದ ಜಾಗವನ್ನೂ ಕೃಷಿ ಜಮೀನೆಂದು ವಾದಿಸುವುದು ಕಷ್ಟ. ಪಹಣಿಯಲ್ಲಿ ‘ಖುಷ್ಕಿ’ ಎಂದೋ ‘ತರಿ’ ಎಂದೋ ಬರೆದಿದ್ದರೆ ಸಾಲದು, ಜಮೀನು ವಾಸ್ತವವಾಗಿ ಕೃಷಿಗೆ ಬಳಕೆಯಾಗುತ್ತಿದೆಯೇ ಎಂಬುದು ಮುಖ್ಯ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2018ರಿಂದೀಚಿನ ತೀರ್ಪುಗಳಲ್ಲಿ ತಾಳಿದೆ. ಅದನ್ನು ಸಾಬೀತುಪಡಿಸುವ ಹೊಣೆ ಸಾಲ ಪಡೆದವರದೇ ಎಂದು 2023ರಲ್ಲಿ ಹೇಳಿದೆ. ಹೆದ್ದಾರಿ ಬದಿಯಲ್ಲಿ ಬೆಲೆ ಬರಲಿ ಎಂದು ಜಮೀನನ್ನು ಪರಿವರ್ತನೆ ಮಾಡಿಸಿ, ಅದರ ಮೇಲೆಯೇ ಸಾಲ ತೆಗೆಯುವ ರೈತರು ಹಳೆಯ ರಕ್ಷಣೆಯನ್ನು ತಾವೇ ಬಿಟ್ಟುಕೊಟ್ಟಂತಾಗುತ್ತದೆ.

ಇನ್ನೊಂದು ರಕ್ಷಣೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಪ್ರಕರಣದಲ್ಲಿದೆ. ಕೃಷಿಕ, ಕೂಲಿ ಕಾರ್ಮಿಕ ಅಥವಾ ಮನೆಗೆಲಸದವರು ಸ್ವಂತಕ್ಕೆ ವಾಸವಿರುವ ಮನೆಯನ್ನು ಸಾಮಾನ್ಯ ಹಣದ ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ. ಕೈಸಾಲ ಕೊಟ್ಟವರು ನ್ಯಾಯಾಲಯದಲ್ಲಿ ಗೆದ್ದು ಬಂದರೂ ಬೇಸಾಯಗಾರನ ವಾಸದ ಮನೆಗೆ ಕೈಹಾಕಲು ಈ ನಿಯಮ ಅಡ್ಡ ನಿಲ್ಲುತ್ತದೆ. ಅದೇ ಮನೆಯನ್ನು ಅಡಮಾನವಾಗಿ ಬರೆದುಕೊಟ್ಟಿದ್ದರೆ ಮಾತ್ರ ಈ ಆಸರೆ ಸಿಗುವುದಿಲ್ಲ.

ಗುಂಪು ಸಾಲಕ್ಕೆ ಮನೆ ಅಡವಲ್ಲ

ಮೈಕ್ರೋಫೈನಾನ್ಸ್ ಸಾಲದ ಮಟ್ಟಿಗೆ ನಿಯಮ ಇನ್ನಷ್ಟು ನೇರವಾಗಿದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ಚೌಕಟ್ಟಿನಲ್ಲಿ, ವಾರ್ಷಿಕ ಮೂರು ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಯಾವುದೇ ಅಡವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್ ಸಾಲ. ಅಡವೇ ಇಲ್ಲದ ಸಾಲಕ್ಕೆ ಮನೆಗೆ ಬೀಗ ಹಾಕುವ ಅಧಿಕಾರ ಎಲ್ಲಿಂದಲೂ ಹುಟ್ಟುವುದಿಲ್ಲ. ಗೋಡೆಯ ಮೇಲೆ ‘ಈ ಮನೆ ಅಡಮಾನದಲ್ಲಿದೆ’ ಎಂದು ಬಣ್ಣದಲ್ಲಿ ಬರೆಯುವುದು, ಗ್ಯಾಸ್ ಸಿಲಿಂಡರ್ ಹೊತ್ತೊಯ್ಯುವುದು, ಬಾಗಿಲಲ್ಲಿ ಕುಳಿತು ಕೂಗಾಡುವುದು ಸಾಲ ವಸೂಲಿಯ ಕಾನೂನುಬದ್ಧ ವಿಧಾನಗಳಲ್ಲ.

ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು ಎಂಬುದು ಇದೇ ಚೌಕಟ್ಟಿನ ನಿಯಮ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗಾಗಿ ಕರೆ ಮಾಡುವಂತಿಲ್ಲ. ಕಂತು ಕಟ್ಟುವ ಜಾಗ ಇಬ್ಬರೂ ಒಪ್ಪಿದ ಸ್ಥಳವಾಗಿರಬೇಕು. ಸತತ ಎರಡು ಬಾರಿ ಅಲ್ಲಿಗೆ ಬಾರದಿದ್ದರಷ್ಟೇ ಸಿಬ್ಬಂದಿ ಮನೆಗೆ ಬರಬಹುದು. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡವಿಲ್ಲ. ಒಂದೇ ಮನೆಯ ಮಹಿಳೆಯರು ಮೂರ್ನಾಲ್ಕು ಗುಂಪುಗಳಲ್ಲಿ ಸಾಲ ಪಡೆದು, ಒಂದರ ಕಂತನ್ನು ಇನ್ನೊಂದರಿಂದ ಕಟ್ಟುವ ಸ್ಥಿತಿ ತಲುಪಿದ್ದಾರೆಂದರೆ ಅರ್ಧ ಆದಾಯದ ನಿಯಮ ಕಾಗದದಲ್ಲೇ ಉಳಿದಿದೆ ಎಂದರ್ಥ. ಇದರಲ್ಲಿ ಸಾಲ ಪಡೆದವರಷ್ಟೇ ಕೊಟ್ಟವರದೂ ತಪ್ಪಿದೆ.

2025ರ ರಾಜ್ಯ ಕಾನೂನು ನೋಂದಣಿ ಇಲ್ಲದೆ ಸಾಲ ವ್ಯವಹಾರ ನಡೆಸುವವರ ಮೇಲೆ ಮುಖ್ಯವಾಗಿ ಕಣ್ಣಿಟ್ಟಿದೆ. ಕಿರುಕುಳ ನೀಡಿ ವಸೂಲಿ ಮಾಡುವವರಿಗೆ ಹತ್ತು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳ ಮೂಲ ನಿಯಂತ್ರಣ ಮಾತ್ರ ರಿಸರ್ವ್ ಬ್ಯಾಂಕಿನ ಕೈಯಲ್ಲೇ ಇದೆ. ಆದ್ದರಿಂದ ದೂರು ಎಲ್ಲಿಗೆ ಕೊಡಬೇಕು ಎಂಬುದು ಸಾಲ ಕೊಟ್ಟವರು ಯಾರು ಎಂಬುದರ ಮೇಲೆ ನಿಲ್ಲುತ್ತದೆ. ಬೆದರಿಕೆ, ಹಲ್ಲೆ, ಬೀಗ ಹಾಕುವಿಕೆ ನಡೆದರೆ ಪೊಲೀಸ್ ಠಾಣೆ. ಬಡ್ಡಿ, ಲೆಕ್ಕ, ನಿಯಮೋಲ್ಲಂಘನೆಯ ವಿಷಯವಾದರೆ ಮೊದಲು ಸಂಸ್ಥೆಗೆ ಲಿಖಿತ ದೂರು. 30 ದಿನಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್. ಒಂಬುಡ್ಸ್‌ಮನ್‌ಗೆ ದೂರು ನೀಡಲು ಶುಲ್ಕವಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಅಡವಿಲ್ಲದ ಸಾಲವೆಂದರೆ ತೀರಿಸಬೇಕಿಲ್ಲದ ಸಾಲವಲ್ಲ. ಸಂಸ್ಥೆಗಳು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು, ಒಪ್ಪಂದದಲ್ಲಿದ್ದರೆ ಮಧ್ಯಸ್ಥಗಾರರ ಮುಂದೆ ಹೋಗಬಹುದು. ಬೇರೆ ರಾಜ್ಯದ ನಗರದಿಂದ ಇಂಗ್ಲಿಷಿನಲ್ಲಿ ಬರುವ ಮಧ್ಯಸ್ಥಿಕೆಯ ನೋಟಿಸನ್ನು ಕಡೆಗಣಿಸಿದರೆ ಏಕಪಕ್ಷೀಯ ತೀರ್ಪು ಬಂದು, ಅದು ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿಯಾಗಬಲ್ಲದು.

ಕೈಸಾಲ ಮತ್ತು ಕ್ರಯಪತ್ರದ ಬಲೆ

ಎಲ್ಲಕ್ಕಿಂತ ಅಪಾಯಕಾರಿಯಾದುದು ಯಾರ ಲೆಕ್ಕಕ್ಕೂ ಸಿಗದ ಖಾಸಗಿ ಸಾಲ. ನಮೂನೆ 9 ಮತ್ತು 11 ಇಲ್ಲದ ಮನೆಗಳಿಗೆ, ಹಿರಿಯರ ಹೆಸರಿನಲ್ಲೇ ಉಳಿದ ಖಾತೆಗಳಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಅಂಥವರು ಖಾಲಿ ಚೆಕ್, ಸಹಿ ಮಾಡಿದ ಛಾಪಾ ಕಾಗದ ಕೊಟ್ಟು ಹಣ ತರುತ್ತಾರೆ. ದೊಡ್ಡ ಮೊತ್ತವಾದರೆ ‘ಭದ್ರತೆಗಾಗಿ’ ಎಂದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮನೆಯನ್ನು ಶುದ್ಧ ಕ್ರಯ ಮಾಡಿಕೊಡುವುದೂ ಉಂಟು. ಹಣ ಹಿಂದಿರುಗಿಸಿದರೆ ಮರಳಿ ಬರೆದುಕೊಡುವುದಾಗಿ ಬಾಯಿಮಾತು ಅಥವಾ ಬೇರೊಂದು ಕರಾರು ಇರುತ್ತದೆ.

ಕಾನೂನು ಇಲ್ಲಿ ನಿಷ್ಠುರವಾಗಿದೆ. ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಪ್ರಕರಣದ ಪ್ರಕಾರ, ಹಣ ಕೊಟ್ಟರೆ ಆಸ್ತಿ ಮರಳಿಸಬೇಕೆಂಬ ಷರತ್ತು ಅದೇ ಕ್ರಯಪತ್ರದೊಳಗೆ ಇದ್ದರೆ ಮಾತ್ರ ಅದನ್ನು ಅಡಮಾನವೆಂದು ಪರಿಗಣಿಸಲು ಸಾಧ್ಯ. ಪ್ರತ್ಯೇಕ ಕಾಗದದಲ್ಲಿದ್ದರೆ, ಬಾಯಿಮಾತಿನಲ್ಲಿದ್ದರೆ, ಅದು ಮಾರಾಟವೇ. ಸಾಲಕ್ಕೆಂದು ಕ್ರಯ ಬರೆದುಕೊಟ್ಟ ಕುಟುಂಬಕ್ಕೆ ಸ್ವಂತ ಮನೆಯಲ್ಲೇ ಅನಧಿಕೃತ ವಾಸಿ ಎಂಬ ಹಣೆಪಟ್ಟಿ ಬರುತ್ತದೆ. ಅನಂತರದ ಹಾದಿ ವರ್ಷಗಟ್ಟಲೆಯ ಸಿವಿಲ್ ದಾವೆ. ವಿಪರೀತ ಬಡ್ಡಿ ನಿಷೇಧಿಸುವ 2004ರ ರಾಜ್ಯ ಕಾಯ್ದೆ, 1961ರ ಲೇವಾದೇವಿ ಕಾಯ್ದೆ ಎರಡೂ ಇವೆ. ಆದರೆ ನೋಂದಾಯಿತ ಕ್ರಯಪತ್ರದ ಮುಂದೆ ಬಡ್ಡಿಯ ಕಥೆಯನ್ನು ಸಾಬೀತುಪಡಿಸುವುದು ಸುಲಭದ ಮಾತಲ್ಲ. ಅಡಮಾನಪತ್ರಕ್ಕೂ ಕ್ರಯಪತ್ರಕ್ಕೂ ಇರುವ ವ್ಯತ್ಯಾಸ ಸಹಿ ಹಾಕುವ ಮೊದಲೇ ತಿಳಿದಿರಬೇಕು.

ಫಲಕದಿಂದ ಅಂತರ್ಜಾಲದವರೆಗೆ

ಜಪ್ತಿ ಎಂಬ ಪದ ಈ ಜಿಲ್ಲೆಗೆ ಹೊಸದಲ್ಲ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನಾಯಕತ್ವದಲ್ಲಿ ಬಲವಂತದ ಸಾಲ ವಸೂಲಿಯ ವಿರುದ್ಧ ನಿಂತಿತು. ಅನುಮತಿಯಿಲ್ಲದೆ ಅಧಿಕಾರಿಗಳು ಊರೊಳಗೆ ಬರುವಂತಿಲ್ಲ ಎಂಬ ಫಲಕಗಳು ಹಳ್ಳಿಗಳ ಹೆಬ್ಬಾಗಿಲಲ್ಲಿ ಕಾಣಿಸಿಕೊಂಡವು. ಮಂಡ್ಯ ಆ ಚಳವಳಿಯ ಗಟ್ಟಿ ನೆಲೆಯಾಗಿತ್ತು. 2018ರಲ್ಲಿ ನಿಧನರಾದ ಕೆ.ಎಸ್. ಪುಟ್ಟಣ್ಣಯ್ಯ ಇದೇ ಹೋರಾಟದ ಬಲದಿಂದ ಜಿಲ್ಲೆಯಿಂದ ಎರಡು ಬಾರಿ ವಿಧಾನಸಭೆ ಪ್ರವೇಶಿಸಿದವರು.

ಅಂದು ವಸೂಲಿಗೆ ಬರುತ್ತಿದ್ದವರು ಜೀಪಿನಲ್ಲಿ ಬರುತ್ತಿದ್ದರು. ಊರು ಒಟ್ಟಾಗಿ ನಿಂತರೆ ಜೀಪು ಹಿಂದಿರುಗುತ್ತಿತ್ತು. ಇಂದು ನೋಟಿಸ್ ಅಂಚೆಯಲ್ಲಿ ಬರುತ್ತದೆ, ಹರಾಜು ಅಂತರ್ಜಾಲದಲ್ಲಿ ನಡೆಯುತ್ತದೆ, ಕೊಂಡವರು ಯಾರೆಂಬುದು ಊರಿಗೆ ಗೊತ್ತಾಗುವಷ್ಟರಲ್ಲಿ ಮಾರಾಟ ಪ್ರಮಾಣಪತ್ರ ಸಿದ್ಧವಾಗಿರುತ್ತದೆ. ಊರ ಮುಂದಿನ ಫಲಕ ಇದನ್ನು ತಡೆಯಲಾರದು. 2018ರಲ್ಲಿ ರಾಜ್ಯ ಸರ್ಕಾರ ಘೋಷಿಸಿದ ಸಾಲ ಮನ್ನಾ ಬೆಳೆ ಸಾಲಕ್ಕೆ ಸೀಮಿತವಾಗಿತ್ತು. ಮನೆ ಸಾಲವೂ ಎಂದಾದರೂ ಮನ್ನಾ ಆದೀತೆಂಬ ನಿರೀಕ್ಷೆಯಲ್ಲಿ ಕಂತು ನಿಲ್ಲಿಸಿದವರು ಬಡ್ಡಿಯ ಜೊತೆಗೆ ಗಡುವನ್ನೂ ಕಳೆದುಕೊಳ್ಳುತ್ತಾರೆ.

ಉಳಿದಿರುವ ದಾರಿಗಳು

ಹಾಗಾದರೆ ಐದು ತಿಂಗಳಲ್ಲಿ ಮಾಡಬೇಕಾದುದೇನು? ಮೊದಲನೆಯದು, ಕಂತು ತಪ್ಪುವ ಸೂಚನೆ ಸಿಕ್ಕೊಡನೆ ಅವಧಿ ವಿಸ್ತರಣೆ ಅಥವಾ ಕಂತಿನ ಮರುಹೊಂದಾಣಿಕೆ ಕೋರಿ ಬ್ಯಾಂಕಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು. ಕಬ್ಬಿನ ಹಣ ಬಾಕಿಯಿದ್ದರೆ ಕಾರ್ಖಾನೆಯ ತೂಕದ ಚೀಟಿ, ಬಿಲ್ಲುಗಳನ್ನು ಲಗತ್ತಿಸುವುದು. ಎರಡನೆಯದು, ಸಾಲದ ಖಾತೆಯ ಪೂರ್ಣ ವಿವರ ಕೇಳಿ ಪಡೆಯುವುದು. 2024ರ ಏಪ್ರಿಲ್‌ನಿಂದ ಕೊಟ್ಟ ಹೊಸ ಸಾಲಗಳಲ್ಲಿ ದಂಡವನ್ನು ಬಡ್ಡಿಯ ರೂಪದಲ್ಲಿ ಸೇರಿಸಿ, ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಸಾಲ ಪಡೆದವರು ತೀರಿಕೊಂಡಿದ್ದರೆ ಆ ಸಾಲಕ್ಕೆ ವಿಮೆ ಮಾಡಿಸಲಾಗಿತ್ತೇ ಎಂಬುದನ್ನೂ ಕುಟುಂಬ ವಿಚಾರಿಸಬೇಕು. ಸಾಲ ಕೊಡುವಾಗಲೇ ಕಂತು ಹಿಡಿದು ಮಾಡಿಸಿದ ವಿಮೆ ಮನೆಯವರಿಗೆ ತಿಳಿಯದೆ ಉಳಿದಿರುವ ಸಾಧ್ಯತೆ ಇರುತ್ತದೆ.

ಮೂರನೆಯದು, ಏಕಕಾಲದ ಇತ್ಯರ್ಥ. ಇದು ಬ್ಯಾಂಕಿನ ವಿವೇಚನೆಗೆ ಬಿಟ್ಟದ್ದು, ಸಾಲ ಪಡೆದವರ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಲೋಕ ಅದಾಲತ್‌ನಲ್ಲಿ ಇಂಥ ಇತ್ಯರ್ಥಕ್ಕೆ ಅವಕಾಶ ಹೆಚ್ಚು. ನಾಲ್ಕನೆಯದು, ಉಳಿಸಿಕೊಳ್ಳಲು ಸಾಧ್ಯವೇ ಇಲ್ಲವೆಂದಾದರೆ ಹರಾಜಿಗೆ ಕಾಯದೆ ಬ್ಯಾಂಕಿನ ಒಪ್ಪಿಗೆ ಪಡೆದು ತಾವೇ ಮನೆ ಮಾರುವುದು. ಕಹಿಯಾದ ಮಾತಿದು. ಆದರೆ ಹರಾಜಿನ ಬೆಲೆಗಿಂತ ಊರವರೇ ಕೊಡುವ ಬೆಲೆ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಕೈಯಲ್ಲಿ ಒಂದಿಷ್ಟು ಹಣವಾದರೂ ಉಳಿಯುತ್ತದೆ. ಹರಾಜೇ ನಡೆದರೂ ಬಾಕಿ ಮತ್ತು ವೆಚ್ಚ ಕಳೆದು ಮಿಕ್ಕ ಹಣವನ್ನು ಬ್ಯಾಂಕ್ ಮಾಲೀಕರಿಗೆ ಹಿಂದಿರುಗಿಸಬೇಕು.

ಸಾಲ ತೀರಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಮೂಲ ಪತ್ರಗಳನ್ನು 30 ದಿನಗಳಲ್ಲಿ ಮರಳಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು.

ದೂರದ ನ್ಯಾಯಮಂಡಳಿ, ಹತ್ತಿರದ ನೆರವು

ಕಾಯ್ದೆಯಲ್ಲಿ ಹಕ್ಕುಗಳಿದ್ದರೂ ಅವುಗಳನ್ನು ಚಲಾಯಿಸುವ ಸ್ಥಳ ದೂರದಲ್ಲಿದೆ. ರಾಜ್ಯದ ಸಾಲ ವಸೂಲಾತಿ ನ್ಯಾಯಮಂಡಳಿಗಳು ಇರುವುದು ಬೆಂಗಳೂರಿನಲ್ಲಿ. ಅದರ ಮೇಲ್ಮನವಿ ಮಂಡಳಿ ಚೆನ್ನೈನಲ್ಲಿ. ಮೇಲ್ಮನವಿಗೆ ಹೋಗಬೇಕಾದರೆ ಬಾಕಿಯ ಅರ್ಧದಷ್ಟನ್ನು, ಮಂಡಳಿ ಕೃಪೆ ತೋರಿದರೆ ಕನಿಷ್ಠ ಕಾಲುಭಾಗವನ್ನು ಠೇವಣಿ ಇಡಬೇಕು. ಸ್ಥಳೀಯ ಸಿವಿಲ್ ನ್ಯಾಯಾಲಯಗಳಿಗೆ ಈ ಪ್ರಕರಣಗಳಲ್ಲಿ ಮಧ್ಯಪ್ರವೇಶಿಸುವ ಅಧಿಕಾರವಿಲ್ಲ. ಕಂತು ಕಟ್ಟಲಾಗದ ಮಳವಳ್ಳಿಯ ಕುಟುಂಬ ಬೆಂಗಳೂರಿನ ವಕೀಲರ ಶುಲ್ಕವನ್ನು ಭರಿಸೀತೇ ಎಂಬ ಪ್ರಶ್ನೆಗೆ ಕಾಯ್ದೆ ಉತ್ತರಿಸುವುದಿಲ್ಲ.

ಅದಕ್ಕೆ ಅರೆಬರೆ ಉತ್ತರ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಹಾಗೂ ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ನ್ಯಾಯಮಂಡಳಿಗಳ ಮುಂದಿನ ಪ್ರಕರಣಗಳಿಗೂ ಈ ನೆರವು ಅನ್ವಯಿಸುತ್ತದೆ. ಮಂಡ್ಯದ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರ, ಮದ್ದೂರು ಮತ್ತು ಮಳವಳ್ಳಿಯ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಗಳಿವೆ. 15100 ಸಂಖ್ಯೆಗೆ ಕರೆ ಮಾಡಿಯೂ ನೆರವು ಕೇಳಬಹುದು. ಮನೆ ಪತ್ನಿಯ ಹೆಸರಿನಲ್ಲಿದ್ದರೆ, ಅಥವಾ ಆಕೆ ಸಹ-ಸಾಲಗಾರ್ತಿಯಾಗಿದ್ದರೆ, ಆಕೆಯ ಅರ್ಜಿಯ ಮೂಲಕವೇ ಈ ಬಾಗಿಲು ತೆರೆಯುತ್ತದೆ.

ಸರ್ಕಾರ ಮಾಡಬೇಕಾದುದೂ ಇದೆ. ಸಾವು ಸಂಭವಿಸಿದಾಗ ಕಾನೂನು ತರುವುದು ಅಗತ್ಯ. ಆದರೆ ನೋಟಿಸ್ ಕನ್ನಡದಲ್ಲಿ ಬರಬೇಕು, ಅದರಲ್ಲಿ ಆಕ್ಷೇಪ ಸಲ್ಲಿಸುವ ಕೊನೆಯ ದಿನಾಂಕ ಮತ್ತು ಕಾನೂನು ನೆರವಿನ ವಿಳಾಸ ಇರಬೇಕು ಎಂಬಷ್ಟನ್ನು ಖಚಿತಪಡಿಸಿದರೂ ಅನೇಕ ಮನೆಗಳು ಉಳಿಯಬಲ್ಲವು. 14ನೇ ಪ್ರಕರಣದಡಿ ಬ್ಯಾಂಕ್ ಅರ್ಜಿ ಸಲ್ಲಿಸಿದಾಗ ಜಿಲ್ಲಾಡಳಿತವು ಆ ಕುಟುಂಬದ ವಿಷಯವನ್ನು ಕಾನೂನು ಸೇವಾ ಪ್ರಾಧಿಕಾರದ ಗಮನಕ್ಕೆ ತರುವುದಕ್ಕೆ ಯಾವ ಹೊಸ ಕಾಯ್ದೆಯೂ ಬೇಕಿಲ್ಲ. ಕಬ್ಬಿನ ಬಾಕಿ 14 ದಿನಗಳಲ್ಲಿ ಕೈಸೇರುವಂತೆ ನೋಡಿಕೊಳ್ಳುವುದೂ ಮನೆ ಉಳಿಸುವ ಕ್ರಮವೇ ಆಗುತ್ತದೆ.

ಸಾಲದ ಒತ್ತಡದಿಂದ ಮನಸ್ಸು ಕುಸಿದವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ತೆರೆದಿರುತ್ತದೆ. ಮನೆ ಹೋದರೆ ಮಾನ ಹೋಯಿತೆಂದು ಭಾವಿಸುವ ಸೀಮೆಯಿದು. ಆ ಭಾವನೆಯೇ ನೋಟಿಸನ್ನು ನೆರೆಯವರಿಂದ, ಬಂಧುಗಳಿಂದ, ಕೆಲವೊಮ್ಮೆ ಮನೆಯವರಿಂದಲೂ ಮುಚ್ಚಿಡುವಂತೆ ಮಾಡುತ್ತದೆ. ಮುಚ್ಚಿಟ್ಟಷ್ಟು ದಿನವೂ ಗಡುವು ಓಡುತ್ತಲೇ ಇರುತ್ತದೆ. ದೇವರ ಪಟದ ಹಿಂದಿರುವ ಆ ಕಾಗದವನ್ನು ಇಂದೇ ತೆಗೆದು, ಅದರ ಮೇಲಿನ ದಿನಾಂಕದಿಂದ ಅರವತ್ತು ದಿನ ಎಣಿಸುವುದೇ ಮೊದಲ ಕೆಲಸ.